ಕಾಶಕ್ಕನ ಅಂಗಡಿಯ ಕೀಲಿಕೈ

ಕಂಪನಿಯವರು ನನ್ನ ಅಂಗಡಿಯನ್ನು ಕೊಂಡ ದಿನ ಅದರ ಕೀಲಿಕೈಯನ್ನು ಹಲಗೆಯ ಮೇಲಿಂದ ಎತ್ತಲು ಯಾರಿಂದಲೂ ಆಗಲಿಲ್ಲ. ಕಂಪನಿಯ ಸಾಹೇಬರಿಂದ ಆಗಲಿಲ್ಲ, ಅವರ ಡ್ರೈವರನಿಂದ ಆಗಲಿಲ್ಲ, ಊರಿನ ಕೆಟ್ಟ ವ್ಯಾಪಾರಗಳನ್ನೆಲ್ಲ ಬೆನ್ನ ಮೇಲೆ ಹೊತ್ತ ಹಮಾಲ ಅಡಿವೆಪ್ಪನಿಂದಲೂ ಆಗಲಿಲ್ಲ. ನನ್ನ ಕಿರುಬೆರಳಿನಷ್ಟು ಉದ್ದದ ಹಿತ್ತಾಳೆ ಕೀಲಿಕೈ ಅದು. ಅದೇ ಬೆಳಿಗ್ಗೆ ನಾನೇ ಅದನ್ನು ಸೆರಗಿನ ಗಂಟಿನಿಂದ ಬಿಚ್ಚಿ ಹಲಗೆಯ ಮೇಲೆ ಇಟ್ಟಿದ್ದೆ.

ನಮ್ಮ ಪೇಟೆಯಲ್ಲಿ, ಕೊಡುವವರಿಗೂ ಕೊಳ್ಳುವವರಿಗೂ ಸರಿಹೋದ ವ್ಯಾಪಾರಕ್ಕೆ ಭಾರ ಇರುವುದಿಲ್ಲ. ಕೊಂಡ ಸಾಮಾನು ಮನೆ ಮುಟ್ಟುವ ತನಕ ಹೂವಿನ ಹಾಗೆ ಬರುತ್ತದೆ. ಎಂಬತ್ತು ದಾಟಿದ ಮುದುಕಿಯರು ತಾಮ್ರದ ಹಂಡೆಯನ್ನು ಬೆರಳಿಗೆ ಸಿಕ್ಕಿಸಿಕೊಂಡು ಹೋಗುವುದನ್ನು, ಹೊಸ ಸೊಸೆಯರು ಬೀಸುವ ಕಲ್ಲನ್ನು ಕೂಸಿನಂತೆ ಸೊಂಟದ ಮೇಲೆ ಹೊತ್ತು ನಗುತ್ತ ಹೋಗುವುದನ್ನು ನೀವು ಇಲ್ಲಿ ಯಾವತ್ತೂ ನೋಡಬಹುದು. ಒಬ್ಬರಿಗೆ ಮೋಸವಾಯಿತೋ, ಕೊತ್ತಂಬರಿ ಕಟ್ಟು ಕೂಡ ತೋಳು ಕೀಳುತ್ತದೆ. ಆಗ ಅಡಿವೆಪ್ಪನನ್ನು ಕೂಗಬೇಕು. ಅವನು ಬಂದು ಒಮ್ಮೆ ಎತ್ತಿ ನೋಡಿ, ಕೊರತೆ ಕೊಟ್ಟವರದೋ ಕೊಂಡವರದೋ ಎಂದು ಹೇಳುತ್ತಾನೆ. ಅವನ ಬೆನ್ನಿಗೆ ಸುಳ್ಳು ಗೊತ್ತಿಲ್ಲ.

ಕದ್ದ ಮಾಲಂತೂ ಓಣಿ ದಾಟುವುದೇ ಇಲ್ಲ. ನಾನು ಹೊಸದಾಗಿ ಅಂಗಡಿಗೆ ಕೂತ ಕಾಲದಲ್ಲಿ ಪರವೂರಿನವನೊಬ್ಬ ನನ್ನ ಹತ್ತಿರ ಒಂದು ಸೌಟು ಕದ್ದ. ಓಣಿಯ ತಿರುವಿನಲ್ಲಿ ಸೌಟಿನ ಜೊತೆ ಕುಸಿದು ಕೂತವನಿಗೆ ನಾವೇ ಚಹಾ ಕುಡಿಸಿ ಕಳಿಸಿದೆವು. ಇನ್ನು ಪುಕ್ಕಟೆ ಕೊಟ್ಟದ್ದು ಕಳವಿಗಿಂತ ಸ್ವಲ್ಪ ಮಾತ್ರ ಹಗುರ. ಆದ್ದರಿಂದ ನಮ್ಮಲ್ಲಿ ಉಡುಗೊರೆ ಅನ್ನುವುದಿಲ್ಲ. ಮದುವೆಯಲ್ಲಿ ಹೆಣ್ಣು ಹಸೆಯ ಮೇಲೆ ಕೂತು ಪ್ರತಿಯೊಬ್ಬ ಅತಿಥಿಯ ಜೊತೆ ಚೌಕಾಸಿ ಮಾಡುತ್ತಾಳೆ. ಸೋದರತ್ತೆ ತಂದ ಬೆಳ್ಳಿ ಬಟ್ಟಲಿಗೆ ಒಂದು ಹಾಡು ಎಂದರೆ, ಅತ್ತೆ "ಹಾಡು ಸಾಲದವಾ, ಮ್ಯಾಲೊಂದು ಒಡಪು ಹಾಕಿ ಗಂಡನ ಹೆಸರು ಹೇಳು" ಎನ್ನುತ್ತಾಳೆ. ಊಟಕ್ಕೆ ತಡವಾಗುತ್ತದೆ, ಆದರೆ ಯಾರೂ ಬೇಸರ ಪಡುವುದಿಲ್ಲ.

ಇಂಥ ಪೇಟೆಯ ಮೂಲೆಯಲ್ಲಿ ನನ್ನದು ಪಾತ್ರೆ ಅಂಗಡಿ. ಒಂದೇ ಕೊಡ ಒಂದೇ ಬೆಲೆಗೆ ಒಬ್ಬಳಿಗೆ ಹಗುರ, ಇನ್ನೊಬ್ಬಳಿಗೆ ಭಾರ. ಅದಕ್ಕೆ ಪ್ರತಿಯೊಬ್ಬರ ಜೊತೆಗೂ ಹೊಸದಾಗಿ ಕಾದಾಡಬೇಕು. ನನಗೆ ಅದರಲ್ಲಿ ಇರುವ ಸುಖ ಹೋಳಿಗೆಯಲ್ಲಿಯೂ ಇಲ್ಲ. ನನ್ನ ಗಂಡ ತೀರಿಕೊಂಡ ಮೇಲೆ ಅಂಗಡಿಗೆ ಕೂತವಳು ಒಂದು ಚಮಚವನ್ನೂ ಯಾರಿಗೂ ಭಾರಕ್ಕೆ ಮಾರಿಲ್ಲ ಎಂಬುದು ನನ್ನ ಜಂಬ. ಜಂಬ ಪಟ್ಟರೆ ತಪ್ಪೇನು? ಇದ್ದದ್ದನ್ನೇ ಹೇಳುತ್ತಿದ್ದೇನೆ.

ಕಂಪನಿ ಮೊದಲು ಕಳಿಸಿದ್ದು ಸಾಹೇಬರನ್ನಲ್ಲ, ಸುಮೇಧಾ ಎಂಬ ಹುಡುಗಿಯನ್ನು. ದೊಡ್ಡ ಕಂಪನಿ, ನಾಡಿನ ತುಂಬ ಮಳಿಗೆಗಳು, ಎಲ್ಲ ಕಡೆ ಎಲ್ಲರಿಗೂ ಒಂದೇ ದರ. ನಮ್ಮೂರಿನಲ್ಲಿ ಒಂದು ಮಳಿಗೆ ತೆರೆಯಬಹುದೇ, ಇಲ್ಲಿನ ಜನ ಹೇಗೆ ಕೊಳ್ಳುತ್ತಾರೆ, ಹೇಗೆ ಮಾರುತ್ತಾರೆ ಎಂದು ಸಂಶೋಧನೆ ಮಾಡಿ ವರದಿ ಕೊಡುವುದು ಅವಳ ಕೆಲಸ. ಅರ್ಥಶಾಸ್ತ್ರ ಓದಿದವಳು. ಕನ್ನಡಕದ ಹಿಂದೆ ಯಾವಾಗಲೂ ಆಶ್ಚರ್ಯಪಡುತ್ತಿದ್ದ ಕಣ್ಣು. ನಮ್ಮ ಮನೆಯ ಮಾಳಿಗೆ ಖೋಲಿಯನ್ನು ಬಾಡಿಗೆಗೆ ಹಿಡಿದಳು. ಬಾಡಿಗೆ ಎಷ್ಟು ಹೇಳಿದೆನೋ ಅಷ್ಟಕ್ಕೆ ಒಪ್ಪಿಬಿಟ್ಟಳು, ಅದಕ್ಕೆ ಅವಳ ಟ್ರಂಕು ಮೆಟ್ಟಿಲಲ್ಲೇ ಕೂತುಬಿಟ್ಟಿತು. ಕೈ ಹಿಡಿದು ಕೂರಿಸಿ, ಅವಳಿಂದ ಚೌಕಾಸಿ ಮಾಡಿಸಿ, ಬಾಡಿಗೆ ಇಳಿಸಿಕೊಂಡ ಮೇಲೆ ಟ್ರಂಕು ಮೇಲೆ ಹತ್ತಿತು.

ಮರುದಿನದಿಂದ ಅವಳು ಪೇಟೆಯಲ್ಲಿ ಪ್ರಶ್ನೆ ಕೇಳುತ್ತ ತಿರುಗಿದಳು. "ನಿಮ್ಮ ವ್ಯಾಪಾರದ ಬಗ್ಗೆ ನಿಮಗೆ ಎಷ್ಟು ತೃಪ್ತಿ ಇದೆ? ಒಂದರಿಂದ ಐದರ ಒಳಗೆ ಹೇಳಿ."

"ನೀ ಎಷ್ಟ ಅಂತಿ?" ಎಂದು ಬಳೆಗಾರ ಕೇಳಿದನಂತೆ.

"ನೀವು ಹೇಳಬೇಕು."

"ಎರಡು ಹಾಕ್ಕೋ."

"ಸರಿ, ಎರಡು."

"ಅಯ್ಯ, ಹಿಂಗ ಒಮ್ಮಿಗೇ ಒಪ್ಕೊಂಡ್ರ ಹ್ಯಾಂಗ? ನಾಕ ಅನ್ನು, ನಾ ಮೂರಕ್ಕ ಬರ್ತೇನಿ!"

ಹೀಗೆ ಇಡೀ ಪೇಟೆ ಅವಳ ಅಂಕಿಗಳ ಮೇಲೆ ಚೌಕಾಸಿ ಮಾಡಿತು. ಸಂಜೆಗೆ ಉತ್ತರದ ಹಾಳೆಗಳು ತುಂಬಿದ ಅವಳ ಚೀಲ ಚಾವಡಿಯ ಕಟ್ಟೆಯ ಮೇಲಿಂದ ಏಳಲಿಲ್ಲ. ಅಡಿವೆಪ್ಪ ಬಂದು ಒಮ್ಮೆ ಎತ್ತಿ ನೋಡಿ ನಕ್ಕ. "ಅವ್ವಾರ, ಎಲ್ಲಾರ ಕಡೆ ಪುಕ್ಕಟೆ ಮಾತು ಇಸಕೊಂಡೀರಿ. ಏನರೆ ಕೊಟ್ಟೀರೇನು?" ಅವಳು ಒಂದು ಗಳಿಗೆ ಯೋಚಿಸಿದಳು. ಅಲ್ಲಿಂದಲೇ ತಿರುಗಿ ಹೋಗಿ, ಉತ್ತರ ಕೊಟ್ಟ ಪ್ರತಿಯೊಬ್ಬರಿಗೂ "ಈಗ ನೀವು ನನ್ನನ್ನ ಏನಾದರೂ ಕೇಳಿ" ಎಂದಳು. ಪೇಟೆಯವರು ಬಿಟ್ಟಾರೆಯೇ! ಅವಳ ಸಂಬಳ ಕೇಳಿದರು, ಮದುವೆ ಕೇಳಿದರು, ಚಿಕ್ಕಂದಿನಲ್ಲಿ ಯಾವ ಹಲ್ಲು ಮೊದಲು ಬಿತ್ತು ಎಂದು ಕೇಳಿದರು. ಕತ್ತಲಾಗುವ ಮೊದಲು ಚೀಲವನ್ನು ಗಾಳಿಪಟದಂತೆ ಹಿಡಿದುಕೊಂಡು ಮನೆಗೆ ಬಂದಳು. ಅವತ್ತಿನಿಂದ ಅವಳು ಊರಿನವಳಾದಳು.

ಆಮೇಲೆ ಶ್ರೀವತ್ಸ ಸಾಹೇಬರು ಬಂದರು. ಸುಮೇಧಾಳ ಮೇಲಿನವರು, ಹೊಸ ಮಳಿಗೆಗಳನ್ನು ತೆರೆಯುವ ಅಧಿಕಾರಿ. ಒಳ್ಳೆಯ ಮನುಷ್ಯ. ಇಸ್ತ್ರಿ ಅಂಗಿ, ಇಸ್ತ್ರಿ ಮಾತು. "ನಾವೆಲ್ಲ ಒಂದೇ ಕುಟುಂಬ" ಎಂದು ದಿನಕ್ಕೊಮ್ಮೆ ಹೇಳುತ್ತಿದ್ದರು, ಫೋನಿನಲ್ಲಿ ಮಾತ್ರ ಆ ಕುಟುಂಬದ ಹಿರಿಯರಿಗೆ "ಎಸ್ ಸರ್, ಎಸ್ ಸರ್" ಎನ್ನುವುದು ಬಿಟ್ಟು ಬೇರೇನೂ ಹೇಳಿದ್ದನ್ನು ನಾನು ಕೇಳಲಿಲ್ಲ. ಬಂದ ದಿನವೇ ಪೇಟೆಗೆಲ್ಲ ಕಂಪನಿಯ ಹೆಸರಿದ್ದ ಕ್ಯಾಲೆಂಡರು ಪುಕ್ಕಟೆ ಹಂಚಿದರು. ಅವು ಮೂರು ಅಂಗಡಿಗಳ ಮೊಳೆ ಕಿತ್ತು ಬಿದ್ದವು. ಒಂದೇ ದರ ಇಟ್ಟರೆ ಅರ್ಧ ಊರಿಗೆ ಸಾಮಾನು ಭಾರವಾಗುತ್ತದೆ ಎಂದು ಸುಮೇಧಾ ಹೇಳಿದ್ದಕ್ಕೆ, "ತಳ್ಳುಗಾಡಿ ಇಡೋಣ" ಎಂದರು.

ಮಳಿಗೆಗೆ ಅವರಿಗೆ ನನ್ನ ಮೂಲೆ ಅಂಗಡಿಯೇ ಬೇಕಾಗಿತ್ತು. ಅದರ ಹಿಂದಿರುವ ಹಳೆಯ ಗೋದಾಮು ಆಗಲೇ ಅವರದಾಗಿತ್ತು, ಬಾಗಿಲು ಮಾತ್ರ ನನ್ನ ಅಂಗಡಿಯ ಮೂಲಕ. ನಿಜ ಹೇಳುತ್ತೇನೆ, ನನಗೂ ಮಾರಬೇಕಾಗಿತ್ತು. ಮೊಣಕಾಲು ಮಾತು ಕೇಳುತ್ತಿರಲಿಲ್ಲ. ಮಕ್ಕಳಿಲ್ಲ. ನದಿಯ ದಂಡೆಯ ಊರಿನಲ್ಲಿರುವ ತಂಗಿ "ಬಂದುಬಿಡು, ಇಬ್ಬರೂ ಕೂಡಿ ಆರಾಮ ಇರೋಣ" ಎಂದು ಕರೆಯುತ್ತಲೇ ಇದ್ದಳು. ಆಗಲಿ ಎಂದು ಮನಸ್ಸು ಗಟ್ಟಿ ಮಾಡಿ, ಸೆರಗು ಬಿಗಿದು, ಜೀವಮಾನದ ಕೊನೆಯ ಮತ್ತು ದೊಡ್ಡ ಚೌಕಾಸಿಗೆ ಕೂತೆ. ಬಾಯಿಗೆ ಬಂದ ದೊಡ್ಡ ಬೆಲೆ ಹೇಳಿದೆ.

"ಸರಿ, ಕೊಡುತ್ತೇವೆ" ಎಂದರು ಶ್ರೀವತ್ಸ ಸಾಹೇಬರು.

ಅಷ್ಟೇ. ಮುಗಿಯಿತು. ನಾನು ರಾತ್ರಿಯೆಲ್ಲ ಜೋಡಿಸಿಟ್ಟುಕೊಂಡಿದ್ದ ಮಾತುಗಳೆಲ್ಲ ಗಂಟಲಲ್ಲೇ ಉಳಿದವು. ಕುಸ್ತಿಗೆ ಬಂದವನು ಕೈ ಮುಗಿದು ಹೋದ ಹಾಗಾಯಿತು. ನೋಂದಣಿ ಕಚೇರಿಯಲ್ಲಿ ಸಹಿ ಹಾಕಿ ಬಂದೆವು. ನಮ್ಮೂರಿನ ಪದ್ಧತಿ ಏನೆಂದರೆ ಸಹಿ ಎಷ್ಟಾದರೂ ಆಗಲಿ, ಮಾರಿದವರು ಕೀಲಿಕೈಯನ್ನು ಹಲಗೆಯ ಮೇಲೆ ಇಡಬೇಕು, ಕೊಂಡವರು ಅದನ್ನು ಎತ್ತಬೇಕು. ಎತ್ತಿದರೆ ಮಾರಾಟ. ನಾನು ಇಟ್ಟೆ. ಅದು ಏಳಲಿಲ್ಲ.

ಸಾಹೇಬರು ಮೊದಲು ನಕ್ಕರು, ಆಮೇಲೆ ಅಂಗಿಯ ತೋಳು ಮಡಚಿದರು, ಆಮೇಲೆ ಬೆವರಿದರು. ಅಡಿವೆಪ್ಪ ಬಂದು ಕಾಲು ಅಗಲಿಸಿ ನಿಂತು, ಎರಡೂ ಕೈಯಲ್ಲಿ ಹಿಡಿದು ಜಗ್ಗಿದ. ಕೈ ಬಿಟ್ಟು ನನ್ನ ಕಡೆ ನೋಡಿದ, ಮತ್ತೆ ನೆಲ ನೋಡಿದ. "ಕಾಶಕ್ಕ, ಬ್ಯಾಸರಾ ಮಾಡ್ಕೋಬ್ಯಾಡ್ರಿ. ಕೊರತಿ ಮಾರಿದವ್ರ ಕಡೆ ಐತಿ."

"ಅಂದ್ರ? ನನಗ ರೊಕ್ಕ ಕಡಿಮಿ ಆತಂತೇನು?" ಎಂದೆ. "ಕೇಳಿದಷ್ಟು ಕೊಟ್ಟಾರಲ್ಲೋ!"

"ನನಗೇನ ಗೊತ್ರಿ. ಬೆನ್ನು ಹೇಳಿದ್ದು ಹೇಳೇನಿ."

ಸಾಹೇಬರು ಫೋನು ಮಾಡಿ ಬೆಲೆ ಏರಿಸಿದರು. ಹಲಗೆ ಕಿರುಗುಟ್ಟಿತು. ಇನ್ನೊಮ್ಮೆ ಏರಿಸಿದರು. ಹಲಗೆ ಮುರಿದು, ಕೀಲಿಕೈ ನೆಲಕ್ಕೆ ಬಿದ್ದು, ಕಡಪಾ ಕಲ್ಲು ಸೀಳಿತು. ನನಗೆ ತಲೆ ಕೆಟ್ಟು, "ನನ್ನನ್ನ ದುರಾಸಿ ಹೆಂಗಸು ಮಾಡಬ್ಯಾಡ್ರಿ, ಮೊದಲಿನ ಅರ್ಧಾ ಕೊಡ್ರಿ ಸಾಕು" ಎಂದೆ. ಕೀಲಿಕೈ ಇನ್ನೂ ಅರ್ಧ ಬೆರಳು ಒಳಗೆ ಹೋಯಿತು.

ಊರಿಗೆ ಹಬ್ಬವಾಯಿತು. ದಿನಾ ಬೆಳಿಗ್ಗೆ ಜನ ಬಂದು ಕೀಲಿಕೈಯನ್ನು ಒಮ್ಮೆ ಜಗ್ಗಿ ನೋಡಿ, ತೋಳು ನೀವಿಕೊಂಡು ಕೆಲಸಕ್ಕೆ ಹೋಗುತ್ತಿದ್ದರು. ಹೊಸ ಜಟ್ಟಿಗಳಿಗೆ ಅದೇ ಗರಡಿಯಾಯಿತು. ಎದುರು ಅಂಗಡಿಯ ಬಳೆಗಾರ, "ಕಾಶಕ್ಕಾ, ಇನ್ನೇನ್ ಬೇಕಂತ ಬಾಯಿ ಬಿಟ್ಟು ಹೇಳು, ಊರ ಕೂಡಿ ರೊಕ್ಕಾ ಪಟ್ಟಿ ಹಾಕ್ತೇವಿ" ಎಂದು ಕಾಡಿಸಿದ. ನಾನೂ ಅವರ ಜೊತೆ ನಕ್ಕೆ. ಆದರೆ ಒಳಗೆ ಉರಿಯುತ್ತಿತ್ತು. ಒಂದು ಚಮಚವನ್ನೂ ಭಾರಕ್ಕೆ ಮಾರದವಳು ನಾನು, ಕೊನೆಯ ವ್ಯಾಪಾರದಲ್ಲಿ ಹೀಗೆ ಊರೆದುರು ಸೋಲುವುದೇ? ಅತ್ತ ಮಾರಿದ ಹಾಗೂ ಆಗಿರಲಿಲ್ಲ, ಇತ್ತ ಅಂಗಡಿ ನನ್ನದೆಂದು ಬೋಣಿ ಮಾಡುವ ಹಾಗೂ ಇರಲಿಲ್ಲ. ಪಾತ್ರೆಗಳ ನಡುವೆ ಸುಮ್ಮನೆ ಕೂತಿರುತ್ತಿದ್ದೆ. ಸುಮೇಧಾಳಿಗೂ ಸುಖವಿರಲಿಲ್ಲ. ಈ ಮಳಿಗೆ ಆದರೆ ಅವಳ ಕೆಲಸ ಕಾಯಂ, ಇಲ್ಲದಿದ್ದರೆ ಇಲ್ಲ ಎಂದು ಸಾಹೇಬರು ಹೇಳಿದ್ದರು.

ಒಂದು ಮಧ್ಯಾಹ್ನ ಅವಳು ಎರಡು ಕಪ್ ಚಹಾ ಹಿಡಿದು ಬಂದು, ಸ್ಟೂಲು ಎಳೆದುಕೊಂಡು ನನ್ನೆದುರು ಕೂತಳು. "ಕಾಶಕ್ಕ, ಒಂದು ಪ್ರಶ್ನೆಗೆ ಒಂದು ಪ್ರಶ್ನೆ. ಮೊದಲು ನೀವು ಕೇಳಿ."

"ಇಷ್ಟು ಓದಿದಾಕಿ, ಇಂಥಾ ತಿರುಗೋ ಕೆಲಸಾ ಯಾಕ ಹಿಡದಿ?" ಎಂದು ಕೇಳಿದೆ.

ಅವಳು ಚಹಾ ಊದುತ್ತ ಹೇಳಿದಳು, "ನಮ್ಮ ಆಫೀಸಿನಲ್ಲಿ ಯಾರೂ ಯಾರ ಜೊತೆಯೂ ಜಗಳ ಆಡಲ್ಲ. ಮೇಲಿಂದ ಒಂದು ಅಂಕಿ ಬರುತ್ತೆ, ಎಲ್ಲರೂ ಹೂಂ ಅಂತೀವಿ. ನನಗೆ ಜನ ಮಾತಾಡೋದು ಕೇಳಬೇಕಿತ್ತು. ಅದಕ್ಕೆ ಈ ಕೆಲಸ. ಇಲ್ಲಿಗೆ ಬಂದ ಮೇಲೆ ಕಿವಿ ತುಂಬಿದೆ." ಆಮೇಲೆ ಕನ್ನಡಕ ಸರಿಮಾಡಿಕೊಂಡಳು. "ಈಗ ನನ್ನ ಸರದಿ. ಈ ಕೀಲಿಕೈ ಎದ್ದಿತು ಅಂತ ಇಟ್ಕೊಳ್ಳಿ. ದುಡ್ಡು ಬಂತು. ನೀವು ತಂಗಿ ಮನೆಗೆ ಹೋದಿರಿ. ಮಾರನೇ ದಿನ ಬೆಳಿಗ್ಗೆ ಅಂಗಡಿ ತೆಗೆಯೋ ಹೊತ್ತಿಗೆ ಏನು ಮಾಡ್ತೀರಿ?"

"ಏನು ಮಾಡ್ಲಿ? ಆರಾಮ ಕೂಡ್ತೇನಿ. ನದಿ ನೋಡ್ತೇನಿ."

"ನದಿ ನೋಡ್ತಾ?"

"ತಂಗಿ ಕೂಡ ಮಾತಾಡ್ತೇನಿ. ಆಕಿ ಪಾಪ, ಏನ್ ಅಂದ್ರೂ ಹೂಂ ಅಂತಾಳ..." ಎಂದವಳು ಅಲ್ಲಿಗೇ ನಿಂತೆ. ಕಣ್ಣು ತುಂಬಿ ಬಂತು, ಎಂದೂ ಅಳದವಳಿಗೆ ಅಳು ಬಂತು. "ಅಯ್ಯ ನನ್ನವ್ವಾ," ಎಂದೆ, "ಮುಂಜಾನೆದ್ದು ನಾ ಯಾರ ಕೂಡ ಜಗಳಾ ತಗೀಲಿ? ಎಲ್ಲಾದಕ್ಕೂ ಹೂಂ ಅನ್ನೋ ಮನಿಯಾಗ ನಾ ಹ್ಯಾಂಗ ಬದುಕ್ಲಿ?"

ಸುಮೇಧಾ ನನ್ನ ಕೈ ಹಿಡಿದುಕೊಂಡಳು. ಆಮೇಲೆ ಇಬ್ಬರೂ ನೆಲದ ಕಡೆ ನೋಡಿದೆವು. ಸೀಳಿದ ಕಲ್ಲಿನಲ್ಲಿ ಹೂತಿದ್ದ ಕೀಲಿಕೈ ಒಂದು ಕೂದಲೆಳೆಯಷ್ಟು ಮೇಲೆ ಬಂದಿತ್ತು.

ಅವಳು ಚಹಾ ಅಲ್ಲೇ ಬಿಟ್ಟು ಎದ್ದು ಓಡಿದಳು. ಸಾಹೇಬರನ್ನು ಎಳೆದುಕೊಂಡು ಬಂದು ನಿಲ್ಲಿಸಿ ಹೇಳಿದಳು. "ಸರ್, ನಾವು ಅಂಗಡಿಗೆ ಬೆಲೆ ಕೊಟ್ಟಿದ್ದೀವಿ, ಚೌಕಾಸಿಗೆ ಕೊಟ್ಟಿಲ್ಲ. ಮಳಿಗೆಯಲ್ಲಿ ಪಾತ್ರೆಗಳಿಗೆ ದರದ ಚೀಟಿ ಹಚ್ಚೋದು ಬೇಡ. ಬೆಳಗಿನ ಹೊತ್ತು ಕಾಶಕ್ಕ ಅಲ್ಲಿ ಕೂತು ಮಾರಲಿ, ಪ್ರತಿಯೊಬ್ಬರಿಗೂ ಅವರವರ ಬೆಲೆ. ಬೆಲೆ ಮೊದಲಿನದೇ ಇರಲಿ, ಇದನ್ನ ಕರಾರಿನಲ್ಲಿ ಬರೆಯೋಣ."

ಸಾಹೇಬರ ಮುಖ ಬಿಳಿಚಿತು. "ಎಲ್ಲ ಕಡೆ ಒಂದೇ ದರ ಅನ್ನೋದೇ ನಮ್ಮ ಕಂಪನಿ. ನಾನು ಮೇಲಿನವರಿಗೆ ಹೇಗೆ ಹೇಳಲಿ?"

"ಹ್ಯಾಂಗ ಹೇಳೂದು ನಾವ ಕಲಸ್ತೇವಿ ಬರ್ರಿ" ಎಂದ ಬಳೆಗಾರ.

ಅಷ್ಟೊತ್ತಿಗೆ ಅರ್ಧ ಪೇಟೆ ನನ್ನ ಅಂಗಡಿಯ ಮುಂದೆ ಸೇರಿತ್ತು. ಸಾಹೇಬರು ಫೋನು ಹಚ್ಚಿದರು, ಎಲ್ಲರಿಗೂ ಕೇಳುವಂತೆ ಇಟ್ಟರು. ವಿಷಯ ಹೇಳಿದರು. ಆ ಕಡೆಯ ದಪ್ಪ ಧ್ವನಿ, "ನೋ. ಸಾಧ್ಯವಿಲ್ಲ" ಎಂದಿತು. ಸಾಹೇಬರ ಬಾಯಿ ಅಭ್ಯಾಸದಂತೆ "ಎಸ್..." ಎಂದು ತೆರೆಯಿತು. ಅಡಿವೆಪ್ಪ ಅವರ ಬೆನ್ನ ಮೇಲೆ ಕೈಯಿಟ್ಟ. ಬಾಯಿ ಮುಚ್ಚಿತು.

"ಮಾಲು ಹೊಗಳ್ರಿ!" ಎಂದು ಪಿಸುಗುಟ್ಟಿದೆ.

"ಸರ್, ಊರಿನ ಅತಿ ಒಳ್ಳೆಯ ಮೂಲೆ ಸರ್ ಇದು. ಇಂಥ ಜಾಗ ಮತ್ತೆ ಸಿಗೋದಿಲ್ಲ."

"ಹಾಗಾದರೆ ವಾರಕ್ಕೆ ಒಂದು ದಿನ ಕೂರಲಿ" ಎಂದಿತು ಧ್ವನಿ.

ಪೇಟೆಯೆಲ್ಲ ಒಟ್ಟಿಗೆ ಉಸಿರೆಳೆಯಿತು. ಧ್ವನಿ ಇಳಿದಿತ್ತು! "ಹೊಂಟಂಗ ಮಾಡ್ರಿ, ಹೊಂಟಂಗ ಮಾಡ್ರಿ" ಎಂದು ಕೈಸನ್ನೆ ಮಾಡಿದರು ಹೆಂಗಸರು. ಸಾಹೇಬರು ಕಣ್ಣು ಮುಚ್ಚಿಕೊಂಡು, "ಹಾಗಾದರೆ ಬೇಡ ಬಿಡಿ ಸರ್, ನಾವು ವಾಪಸ್ ಬರ್ತೀವಿ" ಎಂದು ಫೋನು ಇಟ್ಟೇಬಿಟ್ಟರು. ಇಟ್ಟವರು ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟರು. ಬಳೆಗಾರ ನೀರು ಕೊಟ್ಟ. ಆಮೇಲೆ ಫೋನು ತಾನಾಗಿಯೇ ಹೊಡೆದುಕೊಂಡಿತು.

"ಶ್ರೀವತ್ಸ, ಇಷ್ಟು ಬೇಗ ಬೇಡ ಅಂದರೆ ಹೇಗೆ?" ಎಂದಿತು ಧ್ವನಿ. "ದಿನಾ ಕೂರಲಿ. ಆದರೆ ಒಂದೇ ಗಂಟೆ."

ಸಾಹೇಬರು ನನ್ನತ್ತ ನೋಡಿದರು. ನಾನು ಬೇಡ ಎಂದು ತಲೆ ಅಲ್ಲಾಡಿಸಿದೆ. ಅವರ ಕಣ್ಣಿನಲ್ಲಿ ಆಗ ಬಂದ ಬೆಳಕು ನನಗೆ ಗೊತ್ತು. ಮೊದಲ ಸಲ ತಂಬಿಗೆ ಕೊಳ್ಳಲು ಬಂದ ಹುಡುಗಿಯರ ಕಣ್ಣಿನಲ್ಲಿ ನೋಡಿದ್ದೇನೆ. "ಆಗೋದಿಲ್ಲ ಸರ್" ಎಂದರು. "ಮಧ್ಯಾಹ್ನದ ಊಟದವರೆಗೆ. ಜೊತೆಗೆ ಎರಡು ಚಹಾ ಕಂಪನಿಯದು."

"ಒಂದು ಚಹಾ" ಎಂದಿತು ಧ್ವನಿ, ಮತ್ತು ಆ ಧ್ವನಿಯೂ ನಗುತ್ತಿತ್ತು.

"ಆಗಲಿ ಸರ್, ನಿಮ್ಮ ಮಾತಿಗೆ ಬೆಲೆ ಕೊಟ್ಟು ಒಂದು ಚಹಾ!"

ಪೇಟೆ ಚಪ್ಪಾಳೆ ಹೊಡೆಯಿತು. ಯಾರೋ ಹಂಡೆ ಬಡಿದರು. ಸಾಹೇಬರು ಅಂಗಿಯ ತೋಳು ಮಡಚಿ, ಕಾಲು ಅಗಲಿಸಿ ನಿಂತು, ಉಸಿರು ಕಟ್ಟಿ, ಎರಡೂ ಕೈಯಲ್ಲಿ ಕೀಲಿಕೈ ಹಿಡಿದು ಮೈಯ ಬಲವನ್ನೆಲ್ಲ ಹಾಕಿ ಜಗ್ಗಿದರು. ಅದು ಹೂವಿನ ಎಸಳಿನಂತೆ ಬಂತು. ಸಾಹೇಬರು ಹಿಂದಕ್ಕೆ ಹೋಗಿ ತಪ್ಪೇಲಿಗಳ ರಾಶಿಯಲ್ಲಿ ಬಿದ್ದರು. ಅಷ್ಟು ಪಾತ್ರೆ ಒಟ್ಟಿಗೆ ಸದ್ದು ಮಾಡಿದ್ದನ್ನು ನಮ್ಮೂರು ಎಂದೂ ಕೇಳಿರಲಿಲ್ಲ. ರಾಶಿಯ ನಡುವಿನಿಂದ ಒಂದು ಕೈ ಮೇಲೆ ಬಂತು, ಅದರಲ್ಲಿ ಕೀಲಿಕೈ ಇತ್ತು. ಅಡಿವೆಪ್ಪ ಓಡಿಹೋಗಿ ಕೈಕೊಟ್ಟು ಅವರನ್ನು ಎಬ್ಬಿಸಿದ.

ಈಗ ಮಳಿಗೆ ನಡೆಯುತ್ತಿದೆ. ಸೋಪು, ಬಿಸ್ಕತ್ತಿಗೆ ಒಂದೇ ದರ, ತಳ್ಳುಗಾಡಿಗಳೂ ಇವೆ, ಸಾಮಾನು ಭಾರವಾದವರು ಅದನ್ನು ತಳ್ಳಿಕೊಂಡು ಹೋಗುತ್ತಾರೆ. ಅಡಿವೆಪ್ಪನಿಗೆ ಬಾಗಿಲಲ್ಲಿ ಕೆಲಸ ಸಿಕ್ಕಿದೆ. ಪಾತ್ರೆಗಳ ಮೂಲೆಯಲ್ಲಿ ನಾನು ಮೆತ್ತನೆಯ ಕುರ್ಚಿಯ ಮೇಲೆ ಕೂತು ಊಟದ ಹೊತ್ತಿನವರೆಗೆ ಗಂಟಲು ಹರಿಯುವಂತೆ ಜಗಳಾಡುತ್ತೇನೆ. ತಂಗಿಯೇ ಇಲ್ಲಿಗೆ ಬಂದಿದ್ದಾಳೆ, ಅವಳಿಗೂ "ಊಹೂಂ" ಅನ್ನುವುದನ್ನು ಕಲಿಸುತ್ತಿದ್ದೇನೆ. ಸುಮೇಧಾಳ ಕೆಲಸ ಕಾಯಂ ಆಯಿತು, ವರದಿ ಮುಗಿಯಿತು, ಮೇಲಿನವರು ಅವಳನ್ನು ವಾಪಸ್ ಕರೆದರು.

ಅವಳು ಹೊರಡುವ ದಿನ ಟ್ರಂಕಿನ ಜೊತೆ ಮಳಿಗೆಗೆ ಬಂದಳು. ನಮ್ಮೂರಿಗೆ ದಿನಕ್ಕೆ ಒಂದೇ ಬಸ್ಸು, ಅದು ಆಗಲೇ ಚಾವಡಿಯ ಹತ್ತಿರ ನಿಂತು ಗುರುಗುಟ್ಟುತ್ತಿತ್ತು. ನನ್ನ ಅತ್ತೆಯ ಕಾಲದ ಒಂದು ಸಣ್ಣ ತಾಮ್ರದ ತಂಬಿಗೆಯನ್ನು ಅವಳಿಗಾಗಿ ತಿಕ್ಕಿ ಇಟ್ಟಿದ್ದೆ. ಅದನ್ನು ಅವಳ ಮಡಿಲಿಗೆ ಹಾಕುವ ಆಸೆ ಎಷ್ಟಿತ್ತೆಂದು ಹೇಳಲಾರೆ. ಆದರೆ ಪುಕ್ಕಟೆ ಕೊಟ್ಟರೆ ಅವಳು ಅದನ್ನು ಹೊರುವುದು ಹೇಗೆ?

"ಎಷ್ಟು ಕಾಶಕ್ಕ?" ಎಂದಳು ತಂಬಿಗೆ ನೋಡಿ.

ನಾನು ಬಾಯಿಗೆ ಬಂದ ದೊಡ್ಡ ಬೆಲೆ ಹೇಳಿದೆ.

"ಏನು! ಇಷ್ಟು ಹಳೇ ತಂಬಿಗೆಗಾ? ಇಲ್ಲಿ ತಗ್ಗು ಬಿದ್ದಿದೆ ನೋಡಿ."

"ಅದು ತಗ್ಗಲ್ಲವಾ, ನಮ್ಮತ್ತಿ ಹೆಬ್ಬೆರಳು ಊರತಿದ್ದ ಜಾಗಾ. ಅದಕ್ಕ ಬ್ಯಾರೆ ರೊಕ್ಕ."

ಅವಳು ಇಳಿಸಿದಳು. ನಾನು ಏರಿಸಿದೆ. ಅವಳು ಒಂದು ಹಾಡು ಸೇರಿಸಿದಳು, ನಾನು ಎರಡು ಕೇಳಿದೆ. ಹೊರಟ ಹಾಗೆ ಮಾಡಿ ಬಾಗಿಲ ತನಕ ಹೋದಳು, ನಾನು ಕರೆಯಲಿಲ್ಲ, ತಾನಾಗಿಯೇ ತಿರುಗಿ ಬಂದಳು. ಬಸ್ಸು ಹಾರ್ನ್ ಹೊಡೆಯಿತು. ಅಡಿವೆಪ್ಪ ಬಾಗಿಲಿನಿಂದ, "ಅವ್ವಾರ, ಬಸ್ ಹೊಂಟತ್ರಿ!" ಎಂದು ಕೂಗಿದ. ಇಬ್ಬರಿಗೂ ಕೇಳಿಸಿತು. ಇಬ್ಬರೂ ತಂಬಿಗೆಯನ್ನೇ ನೋಡುತ್ತ ನಿಂತೆವು. ಬಸ್ಸು ಇನ್ನೊಮ್ಮೆ ಹಾರ್ನ್ ಹೊಡೆದು, ತಿರುವು ದಾಟಿ ಹೋಯಿತು.

ಧೂಳು ಅಡಗಿದ ಮೇಲೆ ಸುಮೇಧಾ ಟ್ರಂಕನ್ನು ಗೋಡೆಗೆ ಒತ್ತಿ ಇಟ್ಟು, ಸ್ಟೂಲು ಎಳೆದುಕೊಂಡು ನನ್ನೆದುರು ಕೂತಳು.

"ಈಗ ಹೇಳಿ, ಕಡೇ ಮಾತು ಎಷ್ಟು?"

ನಾನು ಮೊದಲು ಹೇಳಿದ್ದಕ್ಕಿಂತ ಹೆಚ್ಚು ಹೇಳಿದೆ.